ಬಿಳಿ ಗುಳಿಗೆ, ಕಿತ್ತಳೆ ಗುಳಿಗೆ

ಕಿತ್ತಳೆ ಬಣ್ಣದ ವಿಟಮಿನ್ ಸಿ ಗುಳಿಗೆ ನಾಲಿಗೆಯ ಮೇಲೆ ಕರಗಿದರೆ ನನಗೆ ಇಂದಿಗೂ ಕಾನ್ವೆಂಟಿನ ಉದ್ದ ವರಾಂಡ ಕಾಣುತ್ತದೆ. ಶುಕ್ರವಾರದ ಪ್ರೇಯರ್ ಮುಗಿದ ಮೇಲೆ ಸಿಸ್ಟರ್ ಗಾಜಿನ ಬಾಟಲಿಯಿಂದ ಒಂದೊಂದೇ ತೆಗೆದು, "ಗುಡ್ ಗರ್ಲ್" ಎಂದು ಅಂಗೈಗೆ ಇಡುತ್ತಿದ್ದರು. ಅದನ್ನು ಚೀಪುತ್ತ ಹೊರಗೆ ಬಂದರೆ ಆದೋನಿಯ ಬಂಡೆಗುಡ್ಡದ ಮೇಲಿನ ಬಿಸಿಲೂ ಹುಳಿಸಿಹಿಯಾಗಿ ತೋರುತ್ತಿತ್ತು.

ಹೋದ ವರ್ಷ ನಮ್ಮ ಯಜಮಾನರ ಕಾಲಿನ ಹೆಬ್ಬೆರಳು ಟೊಮೇಟೊ ಹಣ್ಣಿನ ಹಾಗೆ ಊದಿತು. ಗೌಟ್. ಯೂರಿಕ್ ಆಸಿಡ್ ಇಳಿಸಲು ಡಾಕ್ಟರಮ್ಮ ದಿನಕ್ಕೊಂದು ಬಿಳಿ ಗುಳಿಗೆ ಬರೆದರು. ವಿಟಮಿನ್ ಸಿ ಕೂಡ ಅದನ್ನು ಇಳಿಸುತ್ತದೆಂದು ಫೋನಿನಲ್ಲಿ ಓದಿ, ನಾನೇ ಕಿತ್ತಳೆ ಗುಳಿಗೆಯನ್ನೂ ಶುರುಮಾಡಿದೆ.

ಗೋನೆಗಂಡ್ಲದಿಂದ ಬಂದಿದ್ದ ನಾದಿನಿ ಬಿಳಿ ಗುಳಿಗೆ ಕಂಡು ಮುಖ ಸಿಂಡರಿಸಿದಳು.

"ಅತ್ತಿಗಿ, ಅಣ್ಣಗ ಹಿಂದ ಒಮ್ಮಿ ಕಿಡ್ನ್ಯಾಗ ಕಲ್ಲಾಗಿತ್ತು. ಇವು ಸುಣ್ಣ ಇದ್ದಂಗ, ಒಳಗ ಕುಂತು ಕಲ್ಲಾಗ್ತಾವ."

"ಡೋಂಟ್ ಬಿ ಸಿಲ್ಲಿ."

"ಇಂಗ್ಲೀಷಿನಾಗ ಬೈದ್ರ ಸುಣ್ಣ ಬೆಣ್ಣಿ ಆಗ್ತೈತೇನು?"

ನಕ್ಕೆ. ಆದರೆ ಗೋಡೆಗೆ ಸುಣ್ಣ ಬಳಿದ ಮೇಲೆ ಬಕೆಟ್ಟಿನ ತಳದಲ್ಲಿ ಗಟ್ಟಿಯಾಗಿ ಕೂರುವ ಗಸಿ ಕಣ್ಣಮುಂದೆ ತೇಲಿಬಂತು. ಯಜಮಾನರಿಗೆ ತಿಳಿಯದಂತೆ ಪಿಲ್ ಬಾಕ್ಸಿನಿಂದ ಬಿಳಿಯದನ್ನು ತೆಗೆದೆ. ಅದರ ಜಾಗದಲ್ಲಿ ಅಂಥದೇ ಬಿಳಿಯ ಕ್ಯಾಲ್ಸಿಯಂ ಗುಳಿಗೆ ಇಡಲೂ ಧೈರ್ಯವಾಗಲಿಲ್ಲ, ಅದೂ ಸುಣ್ಣವೇ. ಇನ್ನಷ್ಟು ಕಿತ್ತಳೆ ತುಂಬಿದೆ. "ಡಾಕ್ಟರ್ ಬದಲಿ ಮಾಡ್ಯಾರ" ಎಂದೆ. ಅವರು ದಿನಕ್ಕೆ ನಾಲ್ಕು ಚೀಪಿದರು, ಮಗುವಿನ ಹಾಗೆ.

ಮೂರು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಒಗ್ಗಾಣಿ ತಿನ್ನುತ್ತಿದ್ದವರು ಪಕ್ಕೆ ಹಿಡಿದು ಬಾಗಿದರು. ಸ್ಕ್ಯಾನಿನಲ್ಲಿ ಕಲ್ಲು ಕಂಡಿತು.

"ಗುಳಿಗಿ ತಗೊಂಡ್ರೂ ಯೂರಿಕ್ ಆಸಿಡ್ ಇಳಿದಿಲ್ಲ. ಡೋಸ್ ಹೆಚ್ಚು ಮಾಡಬೇಕು," ಎಂದು ಡಾಕ್ಟರಮ್ಮ ಪೆನ್ನು ಎತ್ತಿದರು.

ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ತಪ್ಪು ಲೆಕ್ಕದ ಔಷಧ ಅವರ ಮೈಗೆ ಹೋಗುತ್ತಿತ್ತು. ಶಾಲೆಯ ಚಾಪೆಲಿನಲ್ಲಿ ಹುಡುಗಿಯರು ಕನ್ಫೆಷನ್ನಿಗೆ ಮಂಡಿಯೂರುತ್ತಿದ್ದುದು ನೆನಪಾಯಿತು. ಎಲ್ಲ ಹೇಳಿಬಿಟ್ಟೆ.

"ಪರವಾಲೇದಮ್ಮಾ, ಪರವಾಗಿಲ್ಲ, ಹೇಳಿದ್ರಲ್ಲ," ಎಂದರು ಆಕೆ. "ನೀವು ಬಿಡಿಸಿದ್ದು ಕಲ್ಲು ತಡಿಯೋ ಗುಳಿಗಿ. ಗೌಟಿಗೆ ಬ್ಯಾರೆ ಗುಳಿಗಿ ಅದಾವ, ಆಸಿಡನ್ನ ಮೂತ್ರಕ್ಕ ದಬ್ಬತಾವ. ಕಲ್ಲಿನ ಭಯ ಇರೋದು ಅವುಗಳಿಂದ. ಇದು ಅಂಥದಲ್ಲ, ಆಸಿಡ್ ಹುಟ್ಟೋದನ್ನ ಕಮ್ಮಿ ಮಾಡ್ತೈತಿ. ವಿಟಮಿನ್ ಸಿ ಹಣ್ಣಿನಾಗ ಬಂದ್ರ ಚಿಂತಿಲ್ಲ. ಗುಳಿಗಿ ಇಷ್ಟು ತಿಂದ್ರ ಆಕ್ಸಲೇಟ್ ಆಗಿ ಮೂತ್ರಕ್ಕ ಇಳಿತೈತಿ. ಅದರಿಂದಾನೂ ಕಲ್ಲಾಗಬಹುದು."

"ಹಂಗಾದ್ರ ಇದು ಯಾವ ಕಲ್ಲು?"

"ಬಿದ್ದ ಮ್ಯಾಲೆ ಟೆಸ್ಟ್ ಮಾಡಿದ್ರ ಗೊತ್ತಾಗ್ತೈತಿ. ನೀರು ಕುಡಿಸ್ರಿ."

ಪಕ್ಕದಲ್ಲೇ ಕೂತು ಎಲ್ಲ ಕೇಳಿದ್ದ ಯಜಮಾನರು ದಾರಿಯಲ್ಲಿ ಎರಡು ಬಾಟಲಿ ನೀರು ಕೊಂಡರು. ನಾಲ್ಕು ದಿನ ಚಹಾ ಸೋಸುವ ಜಾಲರಿ ಹಿಡಿದು ಬಚ್ಚಲಿಗೆ ಹೋಗಿಬಂದರು. ಐದನೆಯ ದಿನ ಎಳ್ಳಿನಷ್ಟು ಕಲ್ಲು ತಂದು ನನ್ನ ಅಂಗೈಗೆ ಇಟ್ಟರು.

"ಚಹಾಕ್ಕ ಹೊಸಾ ಜಾಲರಿ ತರಬೇಕು ನೋಡು."

ರಿಪೋರ್ಟಿನಲ್ಲಿ ಯೂರಿಕ್ ಆಸಿಡ್ಡೂ ಇತ್ತು, ಆಕ್ಸಲೇಟೂ ಇತ್ತು. ನಾನು ಕೊಟ್ಟಿದ್ದು, ನಾನು ಕಸಿದಿದ್ದು, ಎರಡೂ ಆ ಎಳ್ಳಿನಲ್ಲಿ ಕೂಡಿ ಕೂತಿದ್ದವು.

ಈಗ ಬೆಳಗಾದರೆ ಬಿಳಿ ಗುಳಿಗೆಯನ್ನು ಅವರ ಎದುರಿಗೇ ತೆಗೆದು ಕೈಗಿಡುತ್ತೇನೆ. ಅವರು ಚೊಂಬಿನ ನೀರೆಲ್ಲ ಕುಡಿದು, ಅದನ್ನು ಬೋರಲು ಮಾಡಿ ತೋರಿಸುತ್ತಾರೆ.

"ಗುಡ್ ಬಾಯ್ ಅನ್ನಂಗಿಲ್ಲೇನು?"

ನಾನು ಚೊಂಬು ಇಸಿದುಕೊಂಡು ಮತ್ತೆ ತುಂಬುತ್ತೇನೆ.