ಮಗ್ಗದ ಮನೆಯ ಗಂಟಲು

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಬೆಳಗಿನಿಂದ ಕತ್ತಲಾಗುವವರೆಗೆ ಕರೆಂಟಿನ ಮಗ್ಗಗಳು ಗಡಗಡ ಅನ್ನುತ್ತಿದ್ದವು. ಉಪ್ಪು ಕೇಳಬೇಕಾದರೂ ಅರಚಬೇಕು. ಅರಚಿ ಸುಸ್ತಾದರೆ ಎದುರಿಗೆ ನಿಂತು ಬರೀ ತುಟಿ ಆಡಿಸಬೇಕು. ಆ ಕಡೆಯವರು ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದರು. ಮಗ್ಗದ ಬೀದಿಯವರೆಲ್ಲ ಹೀಗೇ. ಅದರಲ್ಲೇನೋ ವಿಶೇಷವಿದೆ ಅಂತ ನಮಗ್ಯಾರಿಗೂ ಅನ್ನಿಸಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಬಿ.ಎ.ಗೆ ಸೇರಿದೆ. ಆಗ ವಿಶ್ವವಿದ್ಯಾಲಯದವರು ಭಾಷಣ ಕಲೆಯನ್ನೇ ಒಂದು ಪತ್ರಿಕೆಯಾಗಿ ಇಟ್ಟಿದ್ದರು. ವರ್ಷದ ಕೊನೆಗೆ ಬೆಂಗಳೂರಿನಿಂದ ಬರುವ ಪರೀಕ್ಷಕರ ಮುಂದೆ ನಿಂತು ಮಾತಾಡಬೇಕು. ಅಪ್ಪನ ಷರತ್ತು ಒಂದೇ: "ಒಂದ್ ಪೇಪರ್ ಹೋದ್ರೂ ಕಾಲೇಜ್ ಬಿಟ್ಟು ಕಂಡಿಕೆ ಸುತ್ತೋಕೆ ಕೂತ್ಕೋಬೇಕು. ಆಮೇಲೆ ಅಳಬಾರ್ದು." ಕಂಡಿಕೆ ಎಂದರೆ ಲಾಳಿಯೊಳಗಿಡುವ ನೂಲಿನ ಸುರುಳಿ. ಅದನ್ನು ಸುತ್ತಿ ಸುತ್ತಿ ನನ್ನ ಬೆರಳುಗಳು ಆಗಲೇ ಸವೆದಿದ್ದವು.

ಭಾಷಣದ ಮೊದಲ ತರಗತಿಯಲ್ಲಿ "ಸಭಿಕರೇ" ಎಂದೆ, ಅಷ್ಟೇ. ಮುಂದಿನ ಬೆಂಚಿನವನು ಕಿವಿ ಮುಚ್ಚಿಕೊಂಡ. ಮೇಷ್ಟ್ರು, "ಯಾಕಮ್ಮಾ, ಜಗಳಕ್ಕೆ ಬಂದಿದ್ಯಾ? ಮೆತ್ತಗೆ, ಮೆತ್ತಗೆ" ಎಂದರು. ಮೆತ್ತಗೆ ಮಾತಾಡಿದೆ. "ಈಗ ಯಾರಿಗೂ ಕೇಳಿಸ್ಲಿಲ್ಲ" ಎಂದರು. ಎಲಾ ಇವರ! ಜೋರಾದರೂ ತಪ್ಪು, ಮೆತ್ತಗಾದರೂ ತಪ್ಪು. ಮನೆಗೆ ಬಂದು ಕಂಡಿಕೆಯ ಬುಟ್ಟಿ ಎತ್ತಿ ಕುಕ್ಕಿದೆ.

ಏನಾಯ್ತೆಂದು ಅಮ್ಮ ಮಗ್ಗದ ಆಚೆಯಿಂದಲೇ ತುಟಿಯಲ್ಲಿ ಕೇಳಿದಳು. ನಾನೂ ತುಟಿಯಲ್ಲೇ ಎಲ್ಲಾ ಹೇಳಿದೆ. ಅವಳು ನಕ್ಕು, ಹತ್ತಿರ ಬಂದು ಕಿವಿಯಲ್ಲಿ ಅಂದಳು: "ಈಗ ನನಗೆ ಹೇಳಿದ್ಯಲ್ಲೇ, ಹಂಗೇ ಹೇಳು ಅವ್ರಿಗೂ. ಮುಖ ನೋಡ್ಕೊಂಡು, ಬಾಯಿ ತುಂಬ. ಕೂಗ್ಬೇಡ."

ಅವತ್ತಿನಿಂದ ಮಗ್ಗದ ಈಚೆ ನಾನು, ಆಚೆ ಅಮ್ಮ; ದಿನಾ ತುಟಿಯಲ್ಲೇ ಭಾಷಣ. ಮಾತು ಅವಸರವಾದರೆ ಕೈ ಎತ್ತಿ ತಡೆಯುವಳು. ನಾನು ನೆಲ ನೋಡಿದರೆ ಅವಳು ಮುಖ ತಿರುಗಿಸಿಬಿಡುವಳು. ಅದೇ ಅಭ್ಯಾಸದಲ್ಲಿ, ಸಾಧಾರಣ ದನಿಯಲ್ಲಿ ತರಗತಿಯಲ್ಲಿ ಮಾತಾಡಿದೆ. "ಹ್ಞಾಂ, ಈಗ ದಾರಿಗೆ ಬಂದೆ" ಎಂದರು ಮೇಷ್ಟ್ರು.

ಪರೀಕ್ಷೆಯ ದಿನ ಪರೀಕ್ಷಕರು ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತಿದ್ದರು. ನನಗೆ ಕೊಟ್ಟ ವಿಷಯ ನೆರೆಹೊರೆ. ಬಾಯಿ ತೆರೆದಿದ್ದೇ ತಡ, ಹೊರಗೆ ಮದುವೆ ಮೆರವಣಿಗೆಯ ಬ್ಯಾಂಡು ಶುರುವಾಯಿತು! ನನಗಿಂತ ಮುಂಚಿನವನು ಬರೀ ಲಾರಿ ಸದ್ದಿಗೇ ಮಾತು ಮರೆತು ಇಳಿದುಹೋಗಿದ್ದ. ಮಗ್ಗದ ಮನೆಯವಳಿಗೆ ಬ್ಯಾಂಡು ಯಾವ ಲೆಕ್ಕ? ಪರೀಕ್ಷಕರ ಮುಖದಿಂದ ಕಣ್ಣು ಕೀಳದೆ, ಒಂದೊಂದು ಮಾತನ್ನೂ ಬಾಯಿ ತುಂಬ ಬಿಡಿಸಿ ಹೇಳಿದೆ. ಬೆಳಿಗ್ಗೆ ಬೀದಿ ನಲ್ಲಿಯ ಮುಂದೆ ಜುಟ್ಟು ಹಿಡಿದು ಕಿತ್ತಾಡಿದ ಹೆಂಗಸರು, ಸಂಜೆ ಅದೇ ಕೊಡಗಳಲ್ಲಿ ಬಾಣಂತಿಯ ಮನೆಗೆ ನೀರು ಹೊತ್ತ ಕಥೆ. ಪರೀಕ್ಷಕರು ಪೆನ್ನು ಕೆಳಗಿಟ್ಟರು. ನಗಬೇಕಾದ ಕಡೆ ನಕ್ಕರು. ಅಬ್ಬಾ, ನನಗಾದ ಖುಷಿ!

ಫಲಿತಾಂಶ ಬಂದ ದಿನ ಮನೆಗೆ ಓಡಿ ಬಂದೆ. ಒಳಗೆ ಅದೇ ಗಡಗಡ. ಬಾಗಿಲಲ್ಲೇ ನಿಂತು ಅಮ್ಮನಿಗೆ ತುಟಿಯಲ್ಲಿ ಹೇಳಿದೆ: ಎಲ್ಲದರಲ್ಲೂ ಪಾಸು, ಭಾಷಣದಲ್ಲಿ ಕಾಲೇಜಿಗೇ ಮೊದಲು. ಅಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಮೂಲೆಯ ಮಗ್ಗದಲ್ಲಿದ್ದ ಅಪ್ಪನೂ ನನ್ನ ತುಟಿ ನೋಡಿದ್ದ. ಕರೆಂಟು ಹೋದಾಗ ಬಿಟ್ಟರೆ ಹಗಲಲ್ಲಿ ನಮ್ಮ ಮಗ್ಗಗಳು ನಿಂತದ್ದೇ ಇಲ್ಲ. ಅವತ್ತು ಅಪ್ಪ ಹೋಗಿ ಮೇನ್ ಸ್ವಿಚ್ ಇಳಿಸಿಬಿಟ್ಟ. ಮನೆಯೆಲ್ಲ ಗಪ್‌ಚಿಪ್.

"ಈಗ ಹೇಳು" ಎಂದ. "ಬಾಯ್ಬಿಟ್ಟು ಹೇಳು ಮಗಳೇ. ಬೀದಿಗೆಲ್ಲಾ ಕೇಳ್ಬೇಕು."

ವರ್ಷಪೂರ್ತಿ ಅದುಮಿಟ್ಟಿದ್ದ ಗಂಟಲು ಬಿಚ್ಚಿ ಅರಚಿದೆ.