ಅಕ್ಕನ ಸರ್ಟಿಫಿಕೇಟು

ನನಗೀಗ ಐವತ್ತೆಂಟು. ಸರ್ಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಅಧಿಕಾರಿ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಬಿಡಿಭಾಗಗಳ ಇಡೀ ರಾಶಿಯನ್ನೇ ವಾಪಸು ಕಳಿಸುವ ಗಟ್ಟಿ ಆಸಾಮಿ. ಆದರೆ ಸಿನಿಮಾದಲ್ಲಿ ಯಾರಾದರೂ ಒಮ್ಮೆ ಕೆಮ್ಮಿದರೆ ಸಾಕು, ನನ್ನ ಎದೆ ಧಸಕ್ಕೆನ್ನುತ್ತದೆ. ಸಿನಿಮಾದಲ್ಲಿ ಯಾರೂ ಸುಮ್ಮನೆ ಕೆಮ್ಮುವುದಿಲ್ಲವೆಂಬುದು ನಿಮಗೂ ಗೊತ್ತು. ಇಂಟರ್‌ವಲ್‌ಗೆ ಮುಂಚೆ ಕೆಮ್ಮಿದವರು ಇಂಟರ್‌ವಲ್ ಆದ ಮೇಲೆ ಹಾರ ಹಾಕಿಸಿಕೊಂಡು ಗೋಡೆಯ ಮೇಲಿರುತ್ತಾರೆ.

ಅದಕ್ಕೇ ನಮ್ಮಲ್ಲೊಂದು ಪದ್ಧತಿಯಿತ್ತು. ಹೊಸ ಸಿನಿಮಾ ಬಂತೆಂದರೆ ಊರಿನ ಆ ತುದಿಯ ದಿಲ್‌ಸುಖ್‌ನಗರದಲ್ಲಿರುವ ನನ್ನ ಅಕ್ಕ ಮೊದಲು ನೋಡುತ್ತಿದ್ದಳು. ನಾನು ಈ ತುದಿಯ ಮೆಹದಿಪಟ್ಟಣಂನಿಂದ ಫೋನು ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದೆ. "ಅಕ್ಕಾ, ಯಾರರ ಸಾಯ್ತಾರೇನು?"

"ಹೀರೋನ ಅವ್ವ ಸಾಯ್ತಾಳ. ಮದವಿ ಹಾಡು ಮುಗೀತಂದ್ರ ಎದ್ದು ಹೊರಗ ಹೋಗು. ಸಮೋಸ ತಿಂದು, ಚಾ ಕುಡದು ಬಾ. ಅಷ್ಟರಾಗ ಎಲ್ಲಾ ಮುಗದಿರ್ತದ."

ಕಲಬುರಗಿಯಲ್ಲಿ ನಾವು ಚಿಕ್ಕವರಿದ್ದಾಗ ಈ ಕೆಲಸವನ್ನು ಅಕ್ಕನ ಅಂಗೈ ಮಾಡುತ್ತಿತ್ತು. ಶೇಂಗಾ ವಾಸನೆಯ ಆ ಕೈ ನನ್ನ ಕಣ್ಣು ಮುಚ್ಚುತ್ತಿತ್ತು. "ಸತ್ತನೇನು?" ಎಂದು ಕೇಳಿದರೆ "ಇನ್ನಾ ಇಲ್ಲ, ತಡಿ" ಎನ್ನುತ್ತಿದ್ದಳು. ಹೀಗಾಗಿ ನಾನು ನೋಡಿದ ನೂರಾರು ಸಿನಿಮಾಗಳಲ್ಲಿ ಈಚಿನವರೆಗೂ ಯಾರೂ ಸತ್ತಿರಲಿಲ್ಲ. ಕರುಣರಸದಿಂದಲೂ ಸಹೃದಯನಿಗೆ ಆನಂದವೇ ಆಗುತ್ತದೆಂದು ನಮ್ಮ ಹಳೆಯ ಆಲಂಕಾರಿಕರು ವಾದಿಸಿದ್ದಾರೆ. ಆ ಪ್ರಕಾರ ನಾನು ಅರ್ಧ ಸಹೃದಯ; ಉಳಿದರ್ಧ ಸಮೋಸ.

ಅಕ್ಕ ಯಾವಾಗಲೂ ಭಾವನವರ ಜೊತೆಗೇ ಸಿನಿಮಾಕ್ಕೆ ಹೋಗುತ್ತಿದ್ದಳು. ಅಳುವ ವಿಷಯದಲ್ಲಿ ಭಾವ ನನ್ನನ್ನೂ ಮೀರಿಸಿದವರು. ಮುಂದಿನ ಸಾಲಿನವರು ತಿರುಗಿ ನೋಡುವಂತೆ ಬಿಕ್ಕುತ್ತಿದ್ದರು. "ಸುಮ್ಕಿರ್ರೀ, ಮಂದಿ ನೋಡಾಕತ್ತಾರ" ಎಂದು ಗದರಿಸುತ್ತಲೇ ಅಕ್ಕ ತಾನೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳಂತೆ. ಹೋದ ವರ್ಷ ಭಾವ ತೀರಿಕೊಂಡರು. ಕೆಲವು ತಿಂಗಳು ಬಿಟ್ಟು ಅಕ್ಕ ಮತ್ತೆ ಸಿನಿಮಾಕ್ಕೆ ಹೊರಟಳು, ನಾನು ಮತ್ತೆ ಫೋನು ಹಿಡಿದೆ. ಯಾರು ಸಾಯುತ್ತಾರೆಂದು ಕೇಳಿದೆನೇ ಹೊರತು, ನಿನ್ನ ಪಕ್ಕದಲ್ಲಿ ಯಾರು ಕೂತಿದ್ದರೆಂದು ಒಮ್ಮೆಯೂ ಕೇಳಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಈಚೆಗೆ ಒಂದು ಭಾನುವಾರ ಅಕ್ಕ ಫೋನಿನಲ್ಲಿ ಹೇಳಿದಳು: "ಇದರಾಗ ಯಾರೂ ಸಾಯೂದಿಲ್ಲ. ಭಾಳ ಚಂದ ಐತಿ. ಇಲ್ಲೇ ಬಾ, ನಾನೂ ಇನ್ನೊಮ್ಮಿ ನೋಡ್ತೀನಿ." ಸರ್ಟಿಫಿಕೇಟು ನಂಬಿ ಬಸ್ಸು ಹತ್ತಿದೆ.

ಅರ್ಧ ಸಿನಿಮಾ ಆಗಿರಬಹುದು, ಪರದೆಯ ಮೇಲಿನ ಮುದುಕ ಕೆಮ್ಮಿದ. ನಾನು ಅಕ್ಕನ ಮುಖ ನೋಡಿದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ. ಮೆಲ್ಲಗೆ ಏಳಹೋದರೆ ಮುಂಗೈ ಹಿಡಿದು "ಕುಂದ್ರು" ಎಂದಳು. ಕೂತೆ. ಮುದುಕ ಸತ್ತ. ಅದನ್ನು ಹೇಗೋ ಹಲ್ಲು ಕಚ್ಚಿ ಸಹಿಸಿದೆ. ಮರುದಿನ ಬೆಳಿಗ್ಗೆ ಅವನ ಹೆಂಡತಿ ಎಂದಿನ ಅಭ್ಯಾಸದಲ್ಲಿ ಬಚ್ಚಲ ಕಡೆ ತಿರುಗಿ, ನಲ್ಲಿ ಸರಿಯಾಗಿ ಬಂದ್ ಮಾಡಿ ಬನ್ನಿ ಎಂದು ತೆಲುಗಿನಲ್ಲಿ ಕೂಗಿದಳು. ಅಷ್ಟೇ. ಐವತ್ತು ವರ್ಷದಿಂದ ಸಮೋಸ ತಿಂದು ತಪ್ಪಿಸಿಕೊಂಡ ಅಳುವೆಲ್ಲ ಒಟ್ಟಿಗೆ ಬಂತು. ಮುಂದಿನ ಸಾಲಿನವರು ತಿರುಗಿ ನೋಡಿದರು.

"ಸುಮ್ಕಿರೋ, ಮಂದಿ ನೋಡಾಕತ್ತಾರ" ಎಂದು ಅಕ್ಕ ಗದರಿಸಿದಳು. ಸೆರಗು ಅವಳ ಕಣ್ಣಿನ ಮೇಲಿತ್ತು.

ಹೊರಗೆ ಬಂದ ಮೇಲೆ ಸಿಟ್ಟಿನಿಂದ ಕೇಳಿದೆ. "ಸುಳ್ಳು ಯಾಕ ಹೇಳಿದಿ?"

"ಒಬ್ಬಾಕಿನ ಕುಂತ್ರ ಅಳೂನ ಬರವಲ್ದೋ ತಮ್ಮಾ" ಎಂದಳು. "ಬಾಜೂಕ ಬೈಯಾಕ ಯಾರರ ಬೇಕು."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಈಗ ಫೋನಿನಲ್ಲಿ ಯಾರು ಸಾಯುತ್ತಾರೆಂದು ಕೇಳುವುದಿಲ್ಲ, ಯಾವ ಆಟಕ್ಕೆ ಬರಲಿ ಎಂದು ಕೇಳುತ್ತೇನೆ. ಹೋದ ವಾರ ಎರಡು ಕರವಸ್ತ್ರ ಇಟ್ಟುಕೊಂಡು ಹೋಗಿದ್ದೆ. ಕೊನೆಯವರೆಗೂ ಯಾರೂ ಸಾಯಲಿಲ್ಲ. ಕೆಮ್ಮಿದವನಿಗೂ ಬರೇ ನೆಗಡಿ. ಹೊರಗೆ ಬರುವಾಗ ಅಕ್ಕನ ಮುಖ ಸಪ್ಪಗಾಗಿತ್ತು.

"ಏನ್ ಸಿನಿಮಾನೋ ಏನೋ" ಎಂದಳು, "ನಿನ್ನ ಒಮ್ಮಿನೂ ಬೈಲಿಲ್ಲ ನೋಡು."