ಬೆಕ್ಕಿನ ಕಿವಿಗೆ ಅಂಟಿದ್ದ ಕೆಮ್ಮಣ್ಣು

ಬೆಕ್ಕಿನ ಎಡಗಿವಿಯ ತುದಿಗೆ ಕೆಮ್ಮಣ್ಣು ಅಂಟಿತ್ತು, ಇನ್ನೂ ಪೂರ್ತಿ ಒಣಗಿರಲಿಲ್ಲ. ಬರೆಯುವಾಗ ನಾನು ಅದನ್ನು ಬೂದಿ ಎಂದು ಬರೆದೆ.

ಎಂ.ಎ. ಮುಗಿಸಿ ಹಿಂದೂಪುರಕ್ಕೆ ಮರಳಿದ್ದ ವರ್ಷ ಅದು. ನಮ್ಮ ಹಿಂದಿನ ಬೀದಿಯ ಒಂದು ನೇಯ್ಗೆಯ ಮನೆಯ ಬಗ್ಗೆ ಬೆಂಗಳೂರಿನ ವಾರಪತ್ರಿಕೆಗೆ ಲೇಖನ ಕಳಿಸಿದ್ದೆ. ಬಡತನ ಕಣ್ಣಿಗೆ ಕಾಣುತ್ತಿಲ್ಲ ಎಂದು ಸಂಪಾದಕರು ಹಿಂದಿರುಗಿಸಿದರು. ಕೂಲಿಯ ವಿಷಯ, ರೇಷ್ಮೆಯ ಬೆಲೆ ಎಲ್ಲ ಸರಿಯಾಗಿಯೇ ಇದ್ದವು. ಕಾಣುವಂಥದ್ದು ಒಂದೂ ಇರಲಿಲ್ಲ. ಆಗ ಆ ಮನೆಯ ಒಲೆಯಲ್ಲಿ ಮಲಗಿದ್ದ ಬೆಕ್ಕು ನೆನಪಾಯಿತು. ಒಲೆಯಲ್ಲಿ ಬೆಕ್ಕು ಮಲಗಿದೆ ಎಂದರೆ ನಮ್ಮ ಕಡೆ ಕನ್ನಡದವರಿಗೂ ತೆಲುಗಿನವರಿಗೂ ಒಂದೇ ಅರ್ಥ: ಬೇಯಿಸಲು ಏನೂ ಇಲ್ಲ. ಲೇಖನವನ್ನು ಬೆಕ್ಕಿನಿಂದ ಶುರುಮಾಡಿದೆ. ಅಚ್ಚಾಯಿತು.

ಹೆಸರು ಹಾಕಿರಲಿಲ್ಲ. ಆದರೆ ಬಾಗಿಲ ಪಕ್ಕದ ನುಗ್ಗೆಮರ, ಮಗ್ಗದ ಗುಂಡಿಯ ಅಂಚಿನಲ್ಲಿಟ್ಟ ರೇಡಿಯೋ, ಕೂಡುಹುಬ್ಬಿನ ಮಗಳು, ಇಷ್ಟನ್ನೂ ಬರೆದಿದ್ದೆ. ಆ ಮಗಳನ್ನು ಕಲ್ಯಾಣದುರ್ಗದವರು ನೋಡಿ, ಒಪ್ಪಿ ಹೋಗಿದ್ದರು. ಅವರಿಗೆ ಯಾರೋ ಪತ್ರಿಕೆ ಓದಿ ಹೇಳಿದರು, ಸಂಬಂಧದ ಮಾತು ಅಲ್ಲಿಗೇ ನಿಂತಿತು.

ಹುಡುಗಿಯ ತಾಯಿಯನ್ನು ನಾನು ಚಿಕ್ಕಂದಿನಿಂದ ಅತ್ತೆ ಎನ್ನುತ್ತಿದ್ದೆ. ವಿಷಯ ಕಿವಿಗೆ ಬಿದ್ದ ಸಂಜೆಯೇ ಹೋದೆ. ಅವರು ಜಗಲಿಯಲ್ಲಿ ರಾಟೆ ತಿರುಗಿಸುತ್ತ ನೂಲು ಸುತ್ತುತ್ತಿದ್ದರು.

"ಬಾಮ್ಮ, ಬೆಕ್ಕು ನೋಡಾಕ್ ಬಂದ್ಯಾ? ಪಕ್ಕದ್ಮನೆ ಹಾಲು ಕುಡ್ಯಾಕ್ ಹೋಗೈತೆ."

ನಾನು ಚಪ್ಪಲಿ ಬಿಟ್ಟು ಜಗಲಿ ಹತ್ತಿದೆ.

"ಗಂಡಿನ ತಾಯಿ ಹೇಳಿ ಕಳಿಸವ್ಳೆ, ಒಲೇನೇ ಹಚ್ದಿರೋ ಮನೆ ಹುಡ್ಗಿಗೆ ಅಡ್ಗೆ ಏನ್ ಬತ್ತದೆ ಅಂತ. ಅವ್ರು ಬತ್ತಾರೆ ಅಂತ್ಲೇ ಕಣೇ ನಾನು ಒಲೆಗೆ ಕೆಮ್ಮಣ್ಣು ಬಳ್ದಿದ್ದು. ತಣ್ಣಗೈತೆ ಅಂತ ಆ ಹಾಳಾದ್ದು ಹೋಗಿ ಮನೀಕಂಡ್ಬುಡ್ತು."

"ಗೊತ್ತು ಅತ್ತೆ."

ರಾಟೆ ನಿಂತಿತು. "ಗೊತ್ತಿತ್ತಾ?"

ನಾನು ತಲೆಯಾಡಿಸಿದೆ.

"ಆವತ್ತು ಹಿತ್ಲಾಗೆ ಮೂರ್ ಕಲ್ಲಿಟ್ಟು ನಮ್ಮುಡ್ಗೀನೇ ಮುದ್ದೆ ಮಾಡಿದ್ಲು. ಎಲ್ಡು ಮುದ್ದೆ ಉಂಡ್ಯಲ್ಲೇ ತಾಯಿ! ಇನ್ನೊಂದಿಷ್ಟು ಸಾರು ಬಿಡತ್ತೆ ಅಂದೆ. ಅದ್ಯಾಕ್ ಬರೀಲಿಲ್ಲ?"

ಉಂಡದ್ದನ್ನು ಬರೆದರೆ ಬೆಕ್ಕಿಗೆ ಜಾಗ ಇರುತ್ತಿರಲಿಲ್ಲ. ಮಗ್ಗ ಅವರದಲ್ಲ, ನೂಲೂ ಅವರದಲ್ಲ. ಅವರು ಬಡವರು ಎಂಬುದು ಸುಳ್ಳಲ್ಲ. ಓದುವವರಿಗೆ ಅಷ್ಟು ಸಾಲದು, ಹಸಿವೇ ಬೇಕು ಎಂದು ನಾನು ಮೇಜಿನ ಮುಂದೆ ಕೂತು ತೀರ್ಮಾನಿಸಿದ್ದೆ. ಆ ಸಾಲು ಚೆನ್ನಾಗಿ ಬಂತು ಎಂದು ಅಂದು ಖುಷಿಪಟ್ಟಿದ್ದೂ ನೆನಪಿದೆ.

"ತಪ್ಪಾಯ್ತು ಅಂತ ಪತ್ರಿಕೆಗೆ ಬರೀತೀನಿ."

"ಕಲ್ಯಾಣದುರ್ಗದಾಕೆಗೆ ಓದಾಕ್ ಬರಾಕಿಲ್ಲ ಕಣಮ್ಮ. ಬಾಯಾಗೆ ಹೇಳೋಗು."

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಕಲ್ಯಾಣದುರ್ಗಕ್ಕೆ ಹೋದೆ. ಗಂಡಿನ ತಾಯಿ ಅಂಗಳದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು, ಕೂರಲು ಹೇಳಲಿಲ್ಲ. ಲೇಖನ ಬರೆದವಳು ನಾನೇ, ಆ ದಿನ ಅವರ ಮನೆಯಲ್ಲಿ ಉಂಡವಳೂ ನಾನೇ ಎಂದು ನಿಂತೇ ಹೇಳಿದೆ. ಆಕೆ ಕೈ ನಿಲ್ಲಿಸದೆ ತೆಲುಗಿನಲ್ಲಿ ಕೇಳಿದರು, "ಏಮಿ ತಿಂಟಿವಮ್ಮಾ?" ರಾಗಿಮುದ್ದೆ, ಹುರುಳಿಕಾಳಿನ ಸಾರು, ಒರಳಲ್ಲಿ ಅರೆದ ಚಟ್ನಿ, ತಿಂದದ್ದನ್ನೆಲ್ಲ ಹೇಳಿದೆ. ಮಾಡಿದವಳು ಯಾರೆಂದೂ ಹೇಳಿದೆ. ಕೊನೆಗೆ, ಬೆಕ್ಕಿನ ಕಿವಿಗೆ ಅಂಟಿದ್ದು ಬೂದಿಯಲ್ಲ ಎಂದೂ ಹೇಳಿದೆ.